ಎರಡನೆಯ ಹೆಸರಿನ ಚೌಕ

ಹಬೆ, ಅರಿಶಿನದ ಅನ್ನದಿಂದ ಎದ್ದು ನೇರವಾಗಿ ದೊಡ್ಡ ಪರದೆಯ ಕೆಳಗಿನ ಅಂಚಿಗೆ ತಾಗುತ್ತಿದೆ, ಅಲ್ಲಿನ ಅಕ್ಷರಗಳು ಒಂದು ಗಳಿಗೆ ಮಸುಕಾಗಿ ಮತ್ತೆ ಮೂಡುತ್ತವೆ, ಯಾರಾದರೂ ತಟ್ಟೆಯನ್ನು ಈಚೆಗೆ ಎಳೆಯಬಾರದೇ, ಎಳೆಯುವುದಿಲ್ಲ, ಇಟ್ಟ ಜಾಗದಿಂದ ತುಂಪೆಂಗ್ ಕದಲಿಸಬಾರದು ಅಂತ ಅಡುಗೆಯಮ್ಮ ಬು ಲಸ್ಮಿ ಹೇಳಿ ಹೋಗಿದ್ದಾಳೆ, ಗೋಪುರದ ಹಾಗೆ ಒತ್ತಿ ನಿಲ್ಲಿಸಿದ ಹಳದಿ ಅನ್ನ, ಸುತ್ತ ಹುರಿದ ಸೋಯಾಕಾಳಿನ ಟೆಂಪೆ, ತೆಂಗಿನ ತುರಿ ಕಲಸಿದ ಸೊಪ್ಪು, ಬೇಯಿಸಿದ ಮೊಟ್ಟೆ, ಜೋಗ್ಜಾ ಊರಿನ ನಮ್ಮ ಈ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಹೊಸ ಆವೃತ್ತಿ ಹೊರಬಿಡುವ ದಿನ ಇದರ ತುದಿ ಕತ್ತರಿಸದೆ ಗುಂಡಿ ಒತ್ತುವುದಿಲ್ಲ, ತುದಿ ಕತ್ತರಿಸಿದ ಮೇಲೆ ಹಿಂದೆ ಹೋಗುವುದೂ ಇಲ್ಲ — ಹಳೆಯದನ್ನು ಮುಚ್ಚುತ್ತಾರೆ, ನಾಳೆ ಶುಕ್ರವಾರ, ಆಸ್ಪತ್ರೆಯ ಡಯಾಲಿಸಿಸ್ ಕುರ್ಚಿಗಳ ಪಟ್ಟಿಯನ್ನು ಹೊಸದೇ ಮಾಡುತ್ತದೆ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಕುರ್ಚಿ, ಇಲ್ಲದವರು ಮನೆಗೆ, ಮತ್ತು ಆ ಸಾಲು, ಅದನ್ನು ನಾನು ಸರಿಯಾಗಿ ಓದಿದೆನೋ ಇಲ್ಲವೋ, ಬೆಳಿಗ್ಗೆಯಿಂದ ಓದುತ್ತಲೇ ಇದ್ದೇನೆ, ಓದಿದಷ್ಟೂ ಗೊಂದಲ. ಫ್ರೇಮ್‌ವರ್ಕ್ ನಾವು ಬರೆದದ್ದಲ್ಲ, ಎಲ್ಲೋ ದೂರದವರು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಹಂಚಿದ್ದು, ನಾವು ಅದರ ಮೇಲೆ ಮನೆ ಕಟ್ಟಿಕೊಂಡವರು, ಅವರು ಅಡಿಪಾಯ ಬದಲಿಸಿದಾಗ ನಮ್ಮ ಬಾಗಿಲುಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಬೇಕು, ಕೂರಿಸಿದವಳು ನಾನು, ವೆನಿಂಗ್, ಹಳೆಯ ಹೆಸರುಗಳನ್ನೆಲ್ಲ ಹೊಸ ಹೆಸರಿಗೆ ತಿರುಗಿಸಿದೆ, ತೆಗೆದುಹಾಕಿದ್ದಕ್ಕೆ ಬದಲಿ ಹುಡುಕಿದೆ, ಚೆನ್ನಾಗಿದೆ ಹೊಸದು, ಸುಳ್ಳು ಯಾಕೆ ಹೇಳಲಿ, ಮೊದಲು ಎದ್ದು ನಿಲ್ಲಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಸಕ್ಕರೆ ಕರಗುವುದರೊಳಗೆ ನಿಂತಿರುತ್ತದೆ, ಸಾವಿರ ಜನ ಒಟ್ಟಿಗೆ ನುಗ್ಗಿದರೂ ಏದುಸಿರು ಬಿಡುವುದಿಲ್ಲ, ಮೆಮೊರಿ ಕಡಿಮೆ ತಿನ್ನುತ್ತದೆ, ಇವೆಲ್ಲ ಅವರ ಬಿಡುಗಡೆಯ ಟಿಪ್ಪಣಿಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿವೆ, ಆ ಸಾಲು ಮಾತ್ರ ತೀರಾ ಕೆಳಗೆ, ಇತರ ಸಣ್ಣ ಬದಲಾವಣೆಗಳು ಅನ್ನುವ ಕಡೆ, ಖಾಲಿ ಬಿಟ್ಟ ಜಾಗವನ್ನು ಇನ್ನು ಮುಂದೆ ಖಾಲಿ ಪದ ಎಂದು ಅಲ್ಲ, ಇಲ್ಲ ಎಂದೇ ತಿಳಿಯಲಾಗುವುದು, ಇಲ್ಲವಾದದ್ದನ್ನು ಸ್ಪಷ್ಟ ಅನುಮತಿಯಿಲ್ಲದೆ ಒಳಗೆ ಬಿಡಲಾಗದು. ಖಾಲಿಗೂ ಇಲ್ಲಕ್ಕೂ ಏನು ವ್ಯತ್ಯಾಸ, ಮನೆಯಲ್ಲಿ ಖಾಲಿ ಕುರ್ಚಿ ಇರುವುದು ಬೇರೆ, ಕುರ್ಚಿಯೇ ಇಲ್ಲದಿರುವುದು ಬೇರೆ, ಹಾಗೋ, ಹಾಗೇ ಇರಬೇಕು, ಆದರೆ ಸಾಫ್ಟ್‌ವೇರಿನ ಪರೀಕ್ಷೆಗಳೆಲ್ಲ ಪಾಸು, ಎಲ್ಲ ಹಸಿರು, ಒಂದೂ ಕೆಂಪಿಲ್ಲ, ತಪ್ಪಿದ್ದರೆ ಒಂದಾದರೂ ಕೆಂಪಾಗಬೇಕಿತ್ತಲ್ಲ —

ಮ್ಬಾ ಪೊನಿರಾಳ ಕಾಲು. ನಾನು ಬಾಡಿಗೆಗಿರುವ ಕೋಣೆಯ ಒಡತಿ, ಅಜ್ಜಿ, ನಿನ್ನೆ ಸಂಜೆ ಅಂಗಳದಲ್ಲಿ ಕೂತು ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ, ನೋಡು ನ್ದುಕ್, ನೋಡು ಮಗಳೇ, ಒತ್ತು, ಹೆದರಬೇಡ ಒತ್ತು ಅಂದಳು, ಹೆಬ್ಬೆರಳು ಇಟ್ಟು ಒತ್ತಿದೆ, ಎತ್ತಿದೆ, ಗುಳಿ ಹಾಗೇ ಉಳಿಯಿತು, ಹಿಟ್ಟಿನ ಮೇಲೆ ಉಳಿದಂತೆ, ಇಬ್ಬರೂ ಅದನ್ನೇ ನೋಡುತ್ತ ಕೂತೆವು, ಏಳತ್ತೆ ಏಳತ್ತೆ, ಶುಕ್ರವಾರ ಯಂತ್ರಕ್ಕೆ ಹಾಕಿದ್ಮೇಲೆ ಸರಿಹೋಗತ್ತೆ, ಈ ಸಲ ಬಿಟ್ರೆ ಉಸಿರೇ ಆಡಲ್ಲ ನೋಡು ಅಂತ ನಕ್ಕಳು, ಹಲ್ಲಿಲ್ಲದ ನಗು, ನಾನು ನಗಲಿಲ್ಲ. ಅವಳ ಗುರುತಿನ ಕಾರ್ಡಿನಲ್ಲಿ ಪೊನಿರಾ, ಅಷ್ಟೇ, ಎರಡನೆಯ ಹೆಸರು ಇಲ್ಲ, ಕೌಂಟರಿನ ಹುಡುಗಿ ಮೊದಲ ಚೌಕದಲ್ಲಿ ಪೊನಿರಾ ಅಂತ ಹಾಕಿ ಎರಡನೆಯ ಚೌಕ ಖಾಲಿ ಬಿಡುತ್ತಾಳೆ, ನಮ್ಮ ಕಡೆ ಅರ್ಧ ಜನಕ್ಕೆ ಒಂದೇ ಹೆಸರು, ನನಗೂ ಒಂದೇ, ಎರಡು ಯಾಕೆ, ಕರೆದ್ರೆ ತಿರುಗಿ ನೋಡೋಕೆ ಒಂದು ಸಾಲ್ದಾ ಅಂತಿದ್ದ ಅಪ್ಪ. ಹಾಗಿದ್ದರೆ ಒಂದೇ ಹೆಸರಿನವರನ್ನು ಪರೀಕ್ಷೆಯಲ್ಲಿ ನಾವೇ ಹಾಕಿರುತ್ತೇವಲ್ಲ, ನಾವು ಹಾಕದೆ ಇನ್ಯಾರು ಹಾಕುತ್ತಾರೆ, ಅದಕ್ಕೇ ಈಗಷ್ಟೇ ಪಕ್ಕದ ಕಂಪ್ಯೂಟರಿನಲ್ಲಿ, ಪರೀಕ್ಷೆಗೆಂದು ನಾವೇ ಹುಟ್ಟಿಸಿದ ರೋಗಿಗಳನ್ನು ತೆಗೆದು ನೋಡಿದೆ, ಸಾದಿಕುನ್ ಸಾದಿಕುನ್, ಗೆಂದ್ರೊ ಗೆಂದ್ರೊ, ಲಸ್ಮಿ ಲಸ್ಮಿ, ನನ್ನ ಕೈಯಿಂದಲೇ ಬರೆದ ವೆನಿಂಗ್ ವೆನಿಂಗ್. ಒಬ್ಬರದ್ದೂ ಎರಡನೆಯ ಚೌಕ ಖಾಲಿಯಿಲ್ಲ. ನಮ್ಮ ಮಾಲೀಕ ಪಕ್ ಸಾದಿಕುನ್ ವರ್ಷಗಳ ಹಿಂದೆ ವಿದೇಶದ ಯಾವುದೋ ತಾಣದಲ್ಲಿ ಖಾತೆ ತೆರೆಯಲು ಹೋದಾಗ ಎರಡನೆಯ ಹೆಸರಿಲ್ಲದೆ ಬಿಡಲಿಲ್ಲವಂತೆ, ಮೊದಲನೆಯದನ್ನೇ ಮತ್ತೆ ಬರೆದರಂತೆ, ಆಮೇಲೆ ಎಲ್ಲರೂ ಹಾಗೇ, ಸಿಂಗಪುರದ ಸಮ್ಮೇಳನದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಂದ್ರೊನ ಕೊರಳಿನ ಬಿಲ್ಲೆಯ ಮೇಲೆ ಗೆಂದ್ರೊ ಗೆಂದ್ರೊ ಅಂತ ಅಚ್ಚಾಗಿತ್ತು, ಅಲ್ಲಿನವರು ಇವನನ್ನು ಅವಳಿ ಅಂದುಕೊಂಡಿರಬೇಕು ಅಂತ ತಿಂಗಳುಗಟ್ಟಲೆ ನಕ್ಕೆವು, ಕೀಲಿಮಣೆ ಕಂಡರೆ ಸಾಕು ನಮ್ಮ ಬೆರಳುಗಳು ಹೆಸರನ್ನು ಎರಡು ಸಲ ಒತ್ತುತ್ತವೆ, ಖಾಲಿ ಬಿಡುವುದು ನಮಗೆ ಮರೆತೇಹೋಗಿದೆ, ಖಾಲಿ ಬಿಡುವವರು ಕೌಂಟರಿನ ಆಚೆಗಿದ್ದಾರೆ. ಮಾಸ್ ಗೆಂದ್ರೊ, ಅಣ್ಣಾ, ಒಂದ್ನಿಮಿಷ, ಆ ಎರಡನೇ ಹೆಸರು — ಅವನು ಹಿಂದಿನ ಮೇಜಿನಿಂದ ತಂತಿ ಎಳೆಯುತ್ತಿದ್ದ, ತಿರುಗಲಿಲ್ಲ, ಎಲ್ಲಾ ಹಸಿರಿದೆ ಅಲ್ವಾ, ಇನ್ನೇನ್ ಬೇಕು ನಿಂಗೆ, ಕೆಂಪು ಹುಡ್ಕೋಕೆ ಇವತ್ತೇ ಬೇಕಿತ್ತಾ, ಅನ್ನ ಬಂದಿದೆ, ಅತಿಥಿ ಬಂದಿದ್ದಾರೆ, ಮುಖ ಸ್ವಲ್ಪ ಸಡಿಲ ಮಾಡೇ, ಸಾವಿನ ಮನೆಗೆ ಬಂದೋಳ ಹಾಗಿದೀಯ. ಸಾವಿನ ಮನೆ ಅಂತ ಯಾಕಂದ. ಎರಡನೆಯ ಚೌಕ ಖಾಲಿ ಬಿಟ್ಟು ಒಂದು ಸಲ ಹಾಕಿ ನೋಡಿದರೆ ತಿಳಿಯುತ್ತದೆ, ಆದರೆ ಹೊಸದು ಓಡುತ್ತಿರುವುದು ನನ್ನ ಲ್ಯಾಪ್‌ಟಾಪಿನಲ್ಲೇ, ಲ್ಯಾಪ್‌ಟಾಪ್ ಆಗಲೇ ದೊಡ್ಡ ಪರದೆಗೆ ಸಿಕ್ಕಿಸಿ ಅನ್ನದ ಎದುರಿಗಿದೆ, ಅದರ ಮುಂದಿನ ಕುರ್ಚಿಯಲ್ಲಿ ಪಕ್ ಸಾದಿಕುನ್, ಬಾತಿಕ್ ಅಂಗಿ, ಕೂದಲಿಗೆ ನೀರು ಹಚ್ಚಿ ಬಾಚಿದ್ದಾರೆ, ಪಕ್ಕದಲ್ಲಿ ಆಸ್ಪತ್ರೆಯ ನಿರ್ದೇಶಕಿ ಬು ರೆತ್ನಾ, ಏನ್ ಪಕ್, ನಿಮ್ ಯಂತ್ರ ಏಳೋದ್ರೊಳಗೆ ಅನ್ನ ಆರತ್ತಾ ಹೆಂಗೆ, ಅಯ್ಯೋ ಬು, ಅನ್ನ ಬಡಿಸೋರು ನಿಧಾನ ಮಾಡ್ಬೇಕು ಅಷ್ಟೆ, ಯಂತ್ರ ಮಾಡಲ್ಲ, ಎಲ್ಲರೂ ನಗುತ್ತಾರೆ, ನಾನೂ ನಕ್ಕೆನೇ, ನಕ್ಕಿರಬೇಕು, ಕೆನ್ನೆ ಎಳೆದಂತಿದೆ —

ಮೊದಲ ರೋಗಿ ಯಾರು, ಅಂತಾರೆ ಬು ರೆತ್ನಾ, ನಾನೇ ಅಂತಾರೆ ಪಕ್, ನನ್ ಮೂತ್ರಪಿಂಡ ಚೆನ್ನಾಗೇ ಇದೆ, ಆದ್ರೂ ಒಂದು ಕುರ್ಚಿ ಹಿಡಿದಿಡಿ, ಮತ್ತೆ ನಗು, ಬೆರಳು ಕೀಲಿಮಣೆಯ ಮೇಲೆ, ಮೊದಲ ಚೌಕ, ಸಾದಿಕುನ್, ಮನಸ್ಸಿನಲ್ಲೇ ಬೇಡುತ್ತೇನೆ, ಎರಡನೆಯದನ್ನು ಬಿಡಿ ಪಕ್, ಬಿಟ್ಟುಬಿಡಿ, ಒಂದೇ ಒಂದು ಸಲ — ಸಾದಿಕುನ್. ಬೆರಳು ಯೋಚಿಸಲೇ ಇಲ್ಲ. ಧನ್ಯವಾದಗಳು ಎಂಬ ಪುಟ, ಬಲಗಡೆ ಶುಕ್ರವಾರದ ಪಟ್ಟಿ, ಅದರಲ್ಲಿ ಥಟ್ಟನೆ ಮೂಡಿದ ಮೊದಲ ಸಾಲು, ಸಾದಿಕುನ್ ಸಾದಿಕುನ್, ಚಪ್ಪಾಳೆ, ಗೆಂದ್ರೊ ನನ್ನ ಕಡೆ ಹುಬ್ಬು ಹಾರಿಸುತ್ತಾನೆ, ನೋಡಿದ್ಯಾ. ಪಕ್ ಚಾಕು ಎತ್ತಿಕೊಂಡರು, ತುದಿ ಯಾರಿಗೆ ಗೊತ್ತಾ, ಈ ಸಲ ದೊಡ್ಡೋರಿಗಲ್ಲ, ರಾತ್ರಿ ಹಗಲು ಕೂತು ಮಾಡಿದ ನಮ್ ವೆನಿಂಗ್‌ಗೆ, ಬಾ ನ್ದುಕ್, ಮುಂದೆ ಬಾ. ಕಾಲು ಮುಂದೆ ಹೋಗುತ್ತಿದೆ. ಅತಿಥಿಯ ಎದುರು ಹಿರಿಯರ ಮಾತಿಗೆ ಅಡ್ಡ ಬರುವುದೆಂದರೇನು, ನಮ್ಮ ಮನೆಯಲ್ಲಿ ಅಪ್ಪ ದಾರಿ ತಪ್ಪಿ ಗಾಡಿ ಓಡಿಸಿದಾಗಲೂ ಊರು ಮುಟ್ಟುವ ತನಕ ಯಾರೂ ಹೇಳುತ್ತಿರಲಿಲ್ಲ, ನಾನು ತಪ್ಪಿದ್ದರೆ ಎಲ್ಲರೆದುರು ಪಕ್ ಅವರ ಮರ್ಯಾದೆ ಹೋಗುತ್ತದೆ, ಸರಿಯಿದ್ದರೂ ಹೋಗುತ್ತದೆ, ಇನ್ನೂ ಹೆಚ್ಚು ಹೋಗುತ್ತದೆ, ತಪ್ಪಿರಲಿ ಅಂತ ಬೇಡಲೋ ಸರಿಯಿರಲಿ ಅಂತ ಬೇಡಲೋ, ತಿಂದು ಮುಗಿಸಿ ಮೆಲ್ಲಗೆ ಕಿವಿಯಲ್ಲಿ ಹೇಳಿದರಾಗದೇ, ತಿಂದು ಮುಗಿಸುವಷ್ಟರಲ್ಲಿ ಹಳೆಯದು ಮುಚ್ಚಿರುತ್ತದೆ, ಮುಚ್ಚಿದರೆ ಏನಂತೆ ಮತ್ತೆ ತೆರೆಯಬಹುದು, ತೆರೆಯುತ್ತಾರೆಯೇ, ತುದಿ ಕತ್ತರಿಸಿದ ಮೇಲೆ ಇಲ್ಲಿ ಯಾರೂ ತೆರೆದದ್ದಿಲ್ಲ, ನಾಳೆ ಬೆಳಿಗ್ಗೆ ಮ್ಬಾ ಪೊನಿರಾ ಆಟೋದಿಂದ ಇಳಿದು ಕೌಂಟರಿಗೆ, ಮ್ಬಾ, ನಿಮ್ ಹೆಸರು ಬಂದಿಲ್ವಲ್ಲ, ಮುಂದಿನ ವಾರ ನೋಡೋಣ, ಸರಿ ಅಂತಾಳೆ ಅವಳು, ಜಗಳ ಆಡುವುದಿಲ್ಲ, ಸರಿ ಅಂತ ಹೇಳಿ ಊದಿದ ಕಾಲು ಎಳೆದುಕೊಂಡು — ಚಾಕು ಅನ್ನದ ತುದಿಗೆ ತಾಗಿದೆ. ಪಕ್, ಇನ್ನೊಂದ್ ಸಲ ಮಾಡಿ. ಯಾರ ದನಿ ಇದು, ನನ್ನದು. ಏನು ನ್ದುಕ್. ಎರಡನೇದು ಖಾಲಿ ಬಿಟ್ಟು ಮಾಡಿ ಪಕ್, ನಿಮ್ ಕಾರ್ಡಲ್ಲಿ ಹೆಂಗಿದ್ಯೋ ಹಂಗೆ. ಅವರು ನಗುತ್ತಲೇ ಇದ್ದಾರೆ, ಆದರೆ ಆ ನಗು ನನಗೆ ಗೊತ್ತು, ಬಾಯಿ ಮಾತ್ರ ನಗುವುದು, ಯಾಕಮ್ಮಾ, ನನ್ ಹೆಸರು ಉದ್ದ ಆಯ್ತಾ, ಯಾರೋ ಕೆಮ್ಮಿದರು, ವೆನಿಂಗ್, ಆಮೇಲೆ, ಅಂತ ಗೆಂದ್ರೊ ಹಲ್ಲು ಕಚ್ಚಿ, ಬು ರೆತ್ನಾ ಮಾತ್ರ ನಗುತ್ತಿಲ್ಲ, ಕನ್ನಡಕ ಏರಿಸಿಕೊಂಡು, ಮಾಡಿ ಪಕ್, ನಮ್ಮಲ್ಲಿ ಬರೋರೆಲ್ಲ ಒಂದೇ ಹೆಸರಿನೋರು, ನೋಡೇಬಿಡೋಣ. ಚಾಕು ಕೆಳಗಿಟ್ಟರು. ಸಾದಿಕುನ್, ಮೊದಲ ಚೌಕ. ಎರಡನೆಯದರಲ್ಲಿ ಬೆರಳು ತಾನಾಗಿ ಸಾದಿ ಅಂತ ಒತ್ತಿಯೇಬಿಟ್ಟಿತ್ತು, ಒಂದೊಂದೇ ಅಕ್ಷರ ಅಳಿಸಿದರು, ಬಿಳಿ ಚೌಕ, ಅದರೊಳಗೆ ಮಿನುಗುವ ಗೆರೆ, ಒತ್ತಿದರು. ಧನ್ಯವಾದಗಳು ಎಂಬ ಪುಟ ಬಂತು. ನೋಡ್ದ್ಯಾ, ಬಂತಲ್ಲ, ಅಂದ ಗೆಂದ್ರೊ, ಬಲಗಡೆ ನೋಡು ಮಾಸ್, ಪಟ್ಟಿ ನೋಡು, ಅಂದೆ ನಾನು, ಅದರಲ್ಲಿ ಹಳೆಯ ಒಂದೇ ಸಾಲು, ಸಾದಿಕುನ್ ಸಾದಿಕುನ್, ಕೆಳಗೆ ಬಿಳಿ, ಬರತ್ತೆ ತಡಿ, ನೆಟ್ಟು ನಿಧಾನ ಇರ್ಬೇಕು, ಬರತ್ತೆ, ಅನ್ನುತ್ತಾನೆ ಅವನು, ಹಬೆ ನಿಂತಿದೆ, ಪರದೆ ಸ್ವಚ್ಛವಾಗಿದೆ, ಕೆಳಗೆ ಬಿಳಿ, ಪಕ್ ಅವರ ಬೆರಳು ಇನ್ನೂ ಗುಂಡಿಯ ಮೇಲೇ ಇದೆ, ಎತ್ತಿ ಪಕ್, ಎತ್ತಿದರು, ಬಿಳಿ, ಅಂಗಳ, ಮೊಣಕಾಲಿನವರೆಗೆ ಎತ್ತಿದ ಬಟ್ಟೆ, ಹೆಬ್ಬೆರಳು ತೆಗೆದ ಮೇಲೂ ಉಳಿದ ಗುಳಿ, ಏಳತ್ತೆ ಏಳತ್ತೆ, ಇಬ್ಬರೂ ನೋಡುತ್ತ ಕೂತಿದ್ದೇವೆ, ಗುಳಿ, ಏಳುತ್ತಿಲ್ಲ, ಗುಳಿ