ನುಣುಪಿನ ಭಯ

ನನ್ನ ನಾದಿನಿ ರಸ್ತೆಯಲ್ಲಿ ನಡೆಯುವಾಗ ಎಡಗಾಲಿನ ಹಿಮ್ಮಡಿಯನ್ನು ಕೊಂಚ ಎಳೆದು ಇಡುತ್ತಾಳೆ. ಕಾಲಿನಲ್ಲಿ ಊನವೇನೂ ಇಲ್ಲ; ಬಟ್ಟೆಯಂಗಡಿಯಲ್ಲಿ ನಾವು ಸೀರೆಯನ್ನು ಬೆರಳಿನಿಂದ ಸವರಿ ನೋಡುವಂತೆ ಅವಳು ನೆಲವನ್ನು ಹಿಮ್ಮಡಿಯಿಂದ ಸವರಿ ನೋಡುತ್ತಾಳೆ. ಹೆದ್ದಾರಿ ಇಲಾಖೆಯಲ್ಲಿ ಅವಳದು ರಸ್ತೆಗಳಿಗೆ ಅಂಕ ಕೊಡುವ ಕೆಲಸ. ಬಿರುಕೆಷ್ಟು, ಚಕ್ರದ ಜಾಡು ಎಷ್ಟು ಆಳ, ಕುಲುಕಾಟವೆಷ್ಟು ಎಂದು ಅಳೆದು, ವಾಹನಸಂಚಾರದೊಂದಿಗೆ ತೂಗಿ, ಯಾವ ರಸ್ತೆಗೆ ಈ ವರ್ಷವೇ ಡಾಂಬರಿನ ಹೊಸ ಹೊದಿಕೆ, ಯಾವುದು ಇನ್ನೊಂದು ವರ್ಷ ಕಾಯಬಹುದು ಎಂದು ಅವಳು ಸೂಚಿಸಬೇಕು. ಕಚೇರಿಯವರು ಅವಳಿಗಿಟ್ಟ ಹೆಸರು 'ಗುಂಡಿ ಮೇಡಂ'.

"ಗುಂಡಿಗೆ ನಾನ್ಯಾಕೆ ಹೆದರ್ಲಿ ಭಾವ? ಗುಂಡಿ ಕಂಡ್ರೆ ಎಲ್ಲರೂ ನಿಧಾನ ಹೋಗ್ತಾರೆ. ನುಣ್ಣಗಿರೋ ರಸ್ತೆ ಕಂಡ್ರೆ ನನ್ನ ಜೀವ ಬಾಯಿಗೆ ಬರತ್ತೆ."

ಕಿತ್ತಳೆ ಬಣ್ಣದ, ಬೆಳಕಿಗೆ ಮಿನುಗುವ ಪಟ್ಟಿಗಳ ಮೇಲಂಗಿಯೊಂದನ್ನು ಅವಳು ರಜಾದಿನಗಳಲ್ಲೂ ಬಿಡುತ್ತಿರಲಿಲ್ಲ. ಅದನ್ನು ತೊಟ್ಟು ತರಕಾರಿ ತರಲು ಹೊರಟರೆ ಅವಳ ಮಗಳು ಹತ್ತು ಮಾರು ಹಿಂದೆ, ಪರಿಚಯವೇ ಇಲ್ಲದವಳಂತೆ ನಡೆದು ಬರುತ್ತಿದ್ದಳು.

ಅವಳ ನಿದ್ದೆ ಕೆಡಿಸಿದ್ದು ಜಲಾಶಯದ ಪಕ್ಕದ ಇಳಿಜಾರಿನಲ್ಲಿರುವ ಒಂದು ತಿರುವು. ನೋಡಿದವರು ಮೆಚ್ಚುವಂಥ ರಸ್ತೆ ಅದು. ಬಿರುಕಿಲ್ಲ, ತಗ್ಗಿಲ್ಲ, ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ. ಆದರೆ ಲಾರಿಗಳ ಚಕ್ರಗಳು ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಲ್ಲಿನ ಜಲ್ಲಿಕಲ್ಲುಗಳು ನದಿಯ ಕಲ್ಲಿನಂತೆ ನಯವಾಗಿಬಿಟ್ಟಿದ್ದವು. ಒಣ ದಿನಗಳಲ್ಲಿ ತೊಂದರೆಯಿಲ್ಲ. ಧೂಳು, ಎಣ್ಣೆಯ ಪಸೆಯ ಮೇಲೆ ತುಂತುರು ಬಿದ್ದರೆ ಮಾತ್ರ ಚಕ್ರಕ್ಕೆ ಹಿಡಿತವಿಲ್ಲ. ಒಟ್ಟು ಅಂಕದಲ್ಲಿ ಹಿಡಿತದ ಪಾಲು ಅತ್ಯಲ್ಪವಾದ್ದರಿಂದ ತಿರುವು ಸುಸ್ಥಿತಿಯ ರಸ್ತೆಗಳ ಸಾಲಿನಲ್ಲಿ ನಿರಾತಂಕವಾಗಿ ಕುಳಿತಿತ್ತು.

ತಿರುವಿಗೆ ಈ ವರ್ಷವೇ ಹೊಸ ಹೊದಿಕೆ ಬೇಕೆಂದು ಅವಳು ಮೇಲಧಿಕಾರಿಯನ್ನು ಕೇಳಿದಳು. ಅವರು ಕೆಟ್ಟವರಲ್ಲ. "ನೋಡಮ್ಮ, ಮಾರುಕಟ್ಟೆ ರಸ್ತೇಲಿ ಜನ ಬಿದ್ದು ಎದ್ದು ಓಡಾಡ್ತಿದಾರೆ. ಅದನ್ನ ಬಿಟ್ಟು ಕನ್ನಡಿ ಹಾಗಿರೋ ರಸ್ತೆಗೆ ಡಾಂಬರು ಹಾಕಿದ್ರೆ ನಮ್ಮನ್ನ ಸುಮ್ನೆ ಬಿಡ್ತಾರಾ? ಹಿಡಿತ ಅಳೆಯೋ ಯಂತ್ರ ಬರ್ಲಿ, ನೋಡೋಣ," ಎಂದರು. ಯಂತ್ರ ಬೇರೆ ಊರಿನಲ್ಲಿತ್ತು. ಅವಳು ಆಕಾಶ ನೋಡುತ್ತಾ ದಿನ ದೂಡಿದಳು. ಒಗೆದ ಬಟ್ಟೆ ಒಣಗುವುದಿಲ್ಲವೆಂದು ನನ್ನ ಹೆಂಡತಿ ಮೋಡವನ್ನು ಶಪಿಸಿದರೆ, ಅವಳ ಈ ತಂಗಿಯ ಮುಖ ಬಿಳಚಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಕಾರಿನಲ್ಲಿ ಇಬ್ಬರೂ ಹೊರಟಿದ್ದಾಗ ಗಾಜಿನ ಮೇಲೆ ನಾಲ್ಕು ಹನಿ ಬಿದ್ದವು. "ಭಾವ, ತಿರುವಿಗೆ ನಡೀರಿ," ಎಂದಳು. ಆ ಧ್ವನಿಗೆ ಎದುರು ಹೇಳುವ ಧೈರ್ಯ ನನಗಾಗಲಿಲ್ಲ. ತಲುಪಿದೊಡನೆ ಇಳಿದು, ತಿರುವಿನ ಅಂಚಿನಲ್ಲಿ ನಿಂತು, ಇಳಿದು ಬರುವ ವಾಹನಗಳಿಗೆ ಎರಡೂ ಕೈ ಬೀಸತೊಡಗಿದಳು. ಒಂದೆರಡು ಕಾರುಗಳು ನಿಧಾನವಾದವು. ಆಮೇಲೆ ಲಾರಿ ಬಂತು.

ಅದು ಜಾರಿದ್ದು ನನಗೆ ಕೇಳಿಸಲೇ ಇಲ್ಲ. ಟೈರಿನ ಚೀರಾಟವಿಲ್ಲ, ಏನೂ ಇಲ್ಲ. ಅಷ್ಟು ದೊಡ್ಡ ಲಾರಿ ನಿಶ್ಶಬ್ದವಾಗಿ ಅಡ್ಡಡ್ಡ ತಿರುಗಿ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಅವಳತ್ತ ಸರಿದು ಬರುತ್ತಿತ್ತು. ಅವಳು ಅಲುಗಲಿಲ್ಲ. ಲಾರಿಯ ಹಿಂಬದಿ ತಡೆಗೋಡೆಗೆ ಬಡಿದು, ಅವಳಿಂದ ಮಾರು ದೂರದಲ್ಲಿ ನಿಂತಿತು.

ಚಾಲಕ ಕೆಳಗಿಳಿದ. "ಹಾಗೆ ಕೈ ಬೀಸ್ತಾರಾ? ನಿಮ್ಮನ್ನ ನೋಡೇ ನಾನು ಬ್ರೇಕ್ ಒತ್ತಿದ್ದು! ನನ್ ಪಾಡಿಗೆ ಬಿಟ್ಟಿದ್ರೆ ಸಲೀಸಾಗಿ ಹೋಗ್ತಿದ್ದೆ!"

ಕಾರಿನಲ್ಲಿ ಕುಳಿತ ಮೇಲೆ ನಾದಿನಿ, "ಓಡೋಕೆ ಕಾಲೇ ಬರ್ಲಿಲ್ಲ ಭಾವ," ಎಂದಳು. ಕಿಟಕಿಯಾಚೆ ಲಾರಿಯನ್ನು ನೋಡುತ್ತಾ, "ಅವನು ಹೇಳಿದ್ದು ನಿಜ ಇರಬಹುದು," ಎಂದಳು. ನಾನು ಬ್ರೇಕ್ ಒತ್ತದೆ, ಮೊದಲ ಗೇರಿನಲ್ಲೇ ಮನೆಯತ್ತ ಕಾರು ಹೊರಳಿಸಿದೆ.

ಯಂತ್ರ ಬಂತು. ಅಳತೆ ಅವಳ ಭಯಕ್ಕಿಂತ ಕೆಟ್ಟದಾಗಿತ್ತು. ಹಿಡಿತ ಮಿತಿಗಿಂತ ಕಡಿಮೆಯಾದ ರಸ್ತೆ, ಉಳಿದ ಅಂಕ ಎಷ್ಟೇ ಇರಲಿ, ಮೊದಲು ದುರಸ್ತಿಯಾಗಬೇಕೆಂದು ನಿಯಮವೇ ಬದಲಾಯಿತು. ತಿರುವಿಗೆ ಒರಟುಕಲ್ಲಿನ ಹೊಸ ಹೊದಿಕೆ ಬಿತ್ತು. ಆ ವರ್ಷ ಮಾರುಕಟ್ಟೆ ರಸ್ತೆ ಕಾಯಬೇಕಾಯಿತು. ಅಲ್ಲಿನ ಗುಂಡಿಯೊಂದರಲ್ಲಿ ಮುಗ್ಗರಿಸಿ ಹೂ ಮಾರುವ ಅಜ್ಜಿಯೊಬ್ಬರು ಸೊಂಟ ಮುರಿದುಕೊಂಡರು. ನಾದಿನಿ ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ಕುಳಿತು ಬಂದಳು. ತಾನು ಯಾರೆಂದು ಹೇಳುವ ಧೈರ್ಯವಾಗಲಿಲ್ಲವಂತೆ. "ಯಾರ ಪೈಕಿಯಮ್ಮ ನೀನು?" ಎಂದು ಅಜ್ಜಿ ಕೇಳಿದರಂತೆ.

ಇಂಥವರನ್ನು ನಾವು ಪುಕ್ಕಲರೆಂದು ನಗುತ್ತೇವೆ. ಒಬ್ಬರಿಗೆ ಮೊದಲು ನೀವು ಎಂದರೆ ಇನ್ನೊಬ್ಬರಿಗೆ ಕಾಯಿರಿ ಎಂದಂತೆಯೇ ಎಂದು ತಿಳಿದೂ ದಿನವೂ ಆರಿಸಬೇಕಾದವರ ಎದೆಯಲ್ಲಿ ಭಯವಲ್ಲದೆ ಬೇರೇನು ಮನೆಮಾಡೀತು? ಹರಟುತ್ತಾ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ತಿರುವೊಂದು ಬಂದದ್ದೇ ಅರಿವಾಗದೆ ನಾವು ಮನೆ ಸೇರುವ ಸಂಜೆಗಳಿರುತ್ತವೆ. ನಮ್ಮ ಪಾಲಿನ ಹೆದರಿಕೆಯನ್ನೂ ಯಾರೋ ಮೊದಲೇ ಹೆದರಿ ಮುಗಿಸಿರುತ್ತಾರೆ.