ಕುರಿಗೆ ನಿಂತರೆ ಲೆಕ್ಕಕ್ಕಿಲ್ಲ

ನನ್ನ ಗಂಡ ಇದ್ವಾಲ್‌ನನ್ನು ಎರಡು ದಿನದ ಮಟ್ಟಿಗೆ ಮನೆಯಿಂದ ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಉಣ್ಣೆ ಕತ್ತರಿಸುವ ಕೆಲಸ ಮುಗಿದಿತ್ತು, ಕುರಿ ನೋಡಿಕೊಳ್ಳಲು ನನ್ನ ತಂಗಿಯ ಗಂಡ ಒಪ್ಪಿದ್ದ. ಆದರೂ ಈತನದು ಒಂದೇ ರಾಗ: "ನಾನಿಲ್ದಿದ್ರೆ ಅವು ಮೇಯಲ್ಲ ಕಣೇ." ಆಹಾ, ಇವನು ಬಾಯಿಗೆ ತುತ್ತಿಟ್ಟರೇನೇ ಅವು ತಿನ್ನುವುದು!

ಬಾಲಾ ಕೆರೆಯ ದಂಡೆಯಲ್ಲಿ ರೂಮು ಹಿಡಿದು, ಬೆಳಗ್ಗೆ ಎಬ್ಬಿಸಿ, ಬೂಟು ಹಾಕಿಸಿ ಬೆಟ್ಟದ ಬುಡಕ್ಕೆ ತಂದು ನಿಲ್ಲಿಸಿದ್ದು ಗಾಳಿ ಸೇವನೆಗಲ್ಲ. ಮರಿ ಹಾಕುವ ಕಾಲದಿಂದಲೂ ಇವನಿಗೆ ಎದೆ ಹಿಡಿದ ಹಾಗಾಗುತ್ತಿದೆ. ಕೇಳಿದರೆ, "ಏನಿಲ್ಲ ಮಾರಾಯ್ತಿ, ಹುಲ್ಲಿನ ಧೂಳು" ಅನ್ನುತ್ತಾನೆ. ಸೋಮವಾರ ಇವನನ್ನು ಕರೆತರುವುದಾಗಿ ಡಾಕ್ಟರಿಗೆ ನಾನು ಹೇಳಿಟ್ಟಿದ್ದೆ. ಜಪ್ಪಯ್ಯ ಅಂದರೂ ಇವನು ಒಪ್ಪಲಿಲ್ಲ. ಅದಕ್ಕೇ ಪಂದ್ಯ ಕಟ್ಟಿದೆ.

"ತುದಿ ಮುಟ್ಟೋವರ್ಗೂ ದಮ್ಮಿಗೆ ಅಂತ ಒಂದೇ ಒಂದು ಸಲ ನಿಂತ್ರೂ, ಸೋಮವಾರ ಬಾಯ್ಮುಚ್ಕೊಂಡು ನನ್ ಜೊತೆ ಬರ್ಬೇಕು. ನಿಲ್ದೇ ಹತ್ತಿದ್ರೆ ಇನ್ನು ಡಾಕ್ಟರ ಸುದ್ದೀನೇ ಎತ್ತಲ್ಲ."

"ಆಯ್ತು ನೆಸ್ಟಾ. ಆದ್ರೆ ಕುರಿಗೆ ನಿಂತ್ರೆ ಅದು ಲೆಕ್ಕಕ್ಕಿಲ್ಲ."

ಹೂಂ ಅಂದುಬಿಟ್ಟೆ. ಕುರಿಗೆ ನಿಲ್ಲಬೇಡ ಎನ್ನುವ ಬಾಯಿ ನಮ್ಮ ಕಡೆ ಯಾರಿಗಿದೆ? ಅಂಗಾತ ಬಿದ್ದು ಏಳಲಾಗದ ಕುರಿ ಕಂಡರೆ ಮದುವೆಗೆ ಹೊರಟ ಗಂಡೂ ನಿಂತು ಎತ್ತಬೇಕು, ಅದು ಯಾರದ್ದೇ ಆಗಿರಲಿ.

ಮೊದಲ ಗೇಟು ದಾಟಿದ್ದೇ ನಿಂತ. "ನೋಡಲ್ಲಿ, ಹಿಂಗಾಲು ಎಳೀತಿದೆ." ನೋಡಿದೆವು. ಕುರಿ ನೆಟ್ಟಗೇ ನಡೆದು ಹೋಯಿತು. ಇನ್ನೊಂದು ತಿರುವಿನಲ್ಲಿ ಮತ್ತೆ ನಿಂತ. "ಇದರ ಕಿವಿ ಗುರುತು ಯಾರದ್ದು ಅಂತ?" ಯಾರದ್ದಾದರೆ ಇವನಪ್ಪನ ಗಂಟೇನು ಹೋಯಿತು? ಹಲ್ಲು ಕಚ್ಚಿ ಕಾದೆ. ಕಲ್ಲಿನ ಗೋಡೆಗೆ ಕೈಯೂರಿ ನಿಂತಾಗ ಮಾತ್ರ ಬಿಡಲಿಲ್ಲ.

"ಗೋಡೆಗೆ ನಿಂತ್ರೆ ಲೆಕ್ಕಕ್ಕಿದೆ!"

"ಗೋಡೆಗಲ್ಲ ಕಣೇ. ಆ ಕಡೆ ಕುರಿ ಇದೆ."

ಬಗ್ಗಿ ನೋಡಿದರೆ ಇತ್ತು, ಹಾಳಾದ್ದು! ನಾನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುತ್ತಾನೆ. ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಊರುಗೋಲು ಹಿಡಿದ ಪೇಟೆಯ ಮುದುಕಿಯರಿಬ್ಬರು ನಗುತ್ತ ನಮ್ಮನ್ನು ದಾಟಿ ಮೇಲೆ ಹೋದರು.

"ನಾಚಿಕೆ ಆಗಲ್ವಾ ನಿಂಗೆ?"

"ಅವರಿಗೆ ಕುರಿ ಬಗ್ಗೆ ಏನ್ ಗೊತ್ತು?"

ಇನ್ನು ಇವನ ಮುಖ ನೋಡಬಾರದು ಎಂದುಕೊಂಡು ಮುಂದೆ ಮುಂದೆ ನಡೆದೆ. ಬಯ್ಯುತ್ತಲೇ ನಡೆದೆ. ಇವನನ್ನು, ಇವನ ಹಟವನ್ನು, ಅದನ್ನು ಬೆಳೆಸಿದ ಅತ್ತೆಯನ್ನು, ಯಾರನ್ನೂ ಬಿಡಲಿಲ್ಲ. ಮಂಜು ಇಳಿಯತೊಡಗಿತು. ದಾರಿಯ ಎರಡೂ ಪಕ್ಕ ಏನೂ ಕಾಣದಾಯಿತು. ಹಿಂದೆ ಬೂಟಿನ ಸದ್ದು ನಿಂತಿತು.

"ಮತ್ತೆ ಏನು?" ತಿರುಗದೆಯೇ ಕೂಗಿದೆ.

"ಕುರಿ."

ಇವತ್ತು ಇವನನ್ನು ಬಿಡುವುದಿಲ್ಲ ಎಂದು ಬಿರಬಿರನೆ ವಾಪಸು ಬಂದೆ. ಎರಡೂ ಕೈ ಮೊಣಕಾಲಿಗೆ ಊರಿ ಬಗ್ಗಿ ನಿಂತಿದ್ದ. ಗದ್ದ ಎತ್ತಿ ತೋರಿಸಿದ. "ಅಲ್ಲಿ... ಕುಂಟ್ತಾ ಇದೆ."

ಅಲ್ಲಿದ್ದದ್ದು ಒಂದು ಬಿಳಿ ಕಲ್ಲು.

ಮಬ್ಬುಗತ್ತಲಲ್ಲೂ ಎದುರು ಗುಡ್ಡದ ಕುರಿಯನ್ನು ನೋಡಿ, ಇದು ಇಂಥವರದ್ದು ಅನ್ನುವ ಮನುಷ್ಯ ಇವನು. ನಾನು ಪಂದ್ಯ ಗೆದ್ದಿದ್ದೆ. ಬೆಳಗ್ಗಿನಿಂದ ಇದೇ ಗಳಿಗೆಗೆ ಕಾದಿದ್ದವಳು, ಬಯ್ಯಲು ಬಾಯಿ ತೆರೆದೆ. ಇವನ ತುಟಿ ನೀಲಿಗಟ್ಟಿದ್ದು ಕಂಡಿತು. ಹೆದರಿಹೋದೆ.

"ಹೌದು, ಕುಂಟ್ತಾ ಇದೆ," ಅಂದೆ. "ಕೂತ್ಕೋ. ಸ್ವಲ್ಪ ಹೊತ್ತು ನೋಡೋಣ."

ಒದ್ದೆ ಹುಲ್ಲಿನ ಮೇಲೆ ಕೂತು ಇಬ್ಬರೂ ಆ ಕಲ್ಲನ್ನೇ ನೋಡಿದೆವು. ನನ್ನ ಕೋಟು ತೆಗೆದು ಇವನ ಬೆನ್ನಿಗೆ ಹೊದೆಸಿದೆ. ಬೇಡ ಅನ್ನಲಿಲ್ಲ. ಎಂದೂ ಬೇಡ ಅನ್ನದೆ ಬಿಟ್ಟವನಲ್ಲ. ಉಸಿರು ಅಷ್ಟಿಷ್ಟು ಹದಕ್ಕೆ ಬಂದ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡ.

"ಅದು ಕಲ್ಲು ಅಂತ ನಂಗೂ ಗೊತ್ತು ಕಣೇ."

"ಗೊತ್ತು ಬಿಡು. ಸೋಮವಾರ ಹೋಗೋಣ."

"ಸೋಮವಾರ ಬೇಡ ನೆಸ್ಟಾ," ಅಂದ. "ಇವತ್ತೇ ಕರ್ಕೊಂಡು ಹೋಗು."