ಕೆಳಗಿನ ಡ್ರಾಯರಿನ ಬಾಣಂತಿ

ನಮ್ಮ ಮನೆಯವರು ಬಡಗಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿವಿಯ ಮೇಲೆ ಪೆನ್ಸಿಲ್ಲು, ಜೇಬಿನಲ್ಲಿ ಟೇಪು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವ ಚಾಳಿ. ಒಳ್ಳೆಯ ಮನುಷ್ಯ. ಆದರೆ ಒಂದು ವಿಷಯ ತಲೆಗೆ ಹೊಕ್ಕರೆ ಮುಗಿಯಿತು, ಊಟ ತಿಂಡಿಯೂ ಬೇಡ.

ಆ ದಿನ ಸಂಜೆ ನಾಲ್ಕಕ್ಕೆ ಹೊಲಿಗೆ ಟೀಚರ ಕಪಾಟನ್ನು ಸಾಗಿಸಲು ಗಾಡಿ ಬರಬೇಕಿತ್ತು. ಕೆಳಗಿನ ಡ್ರಾಯರಿಗೆ ಹಿಡಿ ಹಾಕುವುದೊಂದು ಬಾಕಿ. ಬೆಳಗ್ಗೆ ಇವರು ಅರ್ಧ ತೆರೆದಿದ್ದ ಆ ಡ್ರಾಯರನ್ನು ಎಳೆದದ್ದೇ ತಡ, ಒಳಗಿನಿಂದ ಕಂದು ಬಣ್ಣದ ಬೀದಿ ಬೆಕ್ಕೊಂದು ಛಂಗನೆ ಹಾರಿ, ಇವರ ಕಾಲಸಂದಿಯಲ್ಲೇ ನುಸುಳಿ ಕಿಟಕಿಯಿಂದ ಓಡಿಹೋಯಿತು. ಒಳಗೆ, ನಾನು ವಾರದಿಂದ ಹುಡುಕುತ್ತಿದ್ದ ಇವರ ನೀಲಿ ಶರ್ಟಿನ ಮೇಲೆ, ಇನ್ನೂ ಕಣ್ಣು ಬಿಡದ ನಾಲ್ಕು ಮರಿಗಳು.

"ಮೊದಲು ಹೊರಗೆ ಹಾಕಿ ರೀ," ಅಂದೆ. ನನಗೂ ಬೆಕ್ಕಿಗೂ ಎಣ್ಣೆ ಸೀಗೇಕಾಯಿ.

"ಬಾಣಂತಿ ಕಣೇ ಅವಳು. ಈಗ ಬರ್ತಾಳೆ, ನಾನು ಕಾಯ್ತೀನಿ," ಅಂದರು.

ಕಾದರು. ಡ್ರಾಯರಿನ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತರು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಬೆಕ್ಕಿನ ಸುಳಿವಿಲ್ಲ. ಮರಿಗಳು ಕೀ ಕೀ ಅನ್ನತೊಡಗಿದವು. ಇವರು ಒಂದೊಂದನ್ನೇ ಎತ್ತಿ ಟೇಪು ಹಿಡಿದರು.

"ನೋಡೇ, ಬೆಳಗ್ಗೆ ಐದು ಇಂಚಿತ್ತು. ಈಗಲೂ ಐದೇ ಇಂಚು. ಬೆಳೀತಾನೇ ಇಲ್ಲ."

"ಮೂರು ಗಂಟೇಲಿ ಬೆಳೆಯೋಕೆ ಅದೇನು ನಿಮ್ಮ ಹೊಟ್ಟೇನಾ?"

"ಎಂಥ ತಾಯಿ ಅವಳು? ಹಸುಗೂಸು ಬಿಟ್ಟು ಊರು ಸುತ್ತೋಕೆ ಹೋಗಿದ್ದಾಳೆ."

ನಾನೂ ಖಡಾಖಂಡಿತವಾಗಿ ಹೇಳಿದೆ. "ಗಾಡಿ ಬರೋದ್ರೊಳಗೆ ಅವಳು ಬರ್ಲಿಲ್ಲ ಅಂದ್ರೆ ನಾಲ್ಕನ್ನೂ ರಟ್ಟಿನ ಪೆಟ್ಟಿಗೇಲಿ ಹಾಕಿ ಮೀನು ಮಾರ್ಕೆಟ್ಟಿನ ಹತ್ರ ಬಿಟ್ಟು ಬರ್ತೀನಿ. ಹೇಗೋ ಬದುಕ್ಕೋತಾವೆ."

ಕಣ್ಣೇ ಬಿಡದ ಮರಿ ಮೀನು ಹೇಗೆ ತಿಂದೀತು ಎಂದು ನಾನು ಯೋಚಿಸಲಿಲ್ಲ. ಇವರ ಮುಖ ಸಪ್ಪಗಾಯಿತು. ಎದ್ದು ಅಡುಗೆಮನೆಗೆ ಹೋಗಿ, ಹಾಲು ಬೆಚ್ಚಗೆ ಮಾಡಿಕೊಂಡು ಚಮಚ ಹಿಡಿದು ಬಂದರು.

ಅಷ್ಟರಲ್ಲಿ ಕಾಂಪೌಂಡರಮ್ಮ ಕಾಲು ಮುರಿದ ಕುರ್ಚಿ ಹೊತ್ತುಕೊಂಡು ಬಾಗಿಲಿಗೆ ಬಂದರು. ಪ್ರಾಣಿಗಳ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ.

"ಅಣ್ಣ, ಆ ಚಮಚ ಕೆಳಗಿಡಿ."

"ಹಸಿದಿವೆ ಕಣಮ್ಮ, ಪಾಪ."

"ಹಸುವಿನ ಹಾಲು ಇವಕ್ಕೆ ಆಗಲ್ಲ. ಭೇದಿ ಹಿಡಿಯುತ್ತೆ. ಇಷ್ಟು ಎಳೇ ಮರಿಗೆ ಭೇದಿ ಆದ್ರೆ ಉಳಿಯೋದೇ ಕಷ್ಟ. ಚಮಚದಲ್ಲಿ ಹುಯ್ದರೆ ಶ್ವಾಸಕ್ಕೂ ಹೋಗಿಬಿಡುತ್ತೆ."

ಇವರು ಚಮಚ ನನ್ನ ಕೈಗೆ ಕೊಟ್ಟರು, ತಪ್ಪೆಲ್ಲ ನನ್ನದೇ ಅನ್ನುವ ಹಾಗೆ. ಕಾಂಪೌಂಡರಮ್ಮ ಬಗ್ಗಿ ಮರಿಗಳನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು.

"ಮೈ ಬೆಚ್ಚಗಿದೆ, ಹೊಟ್ಟೆ ಇನ್ನೂ ಗುಂಡಗಿದೆ. ತಾಯಿ ಚೆನ್ನಾಗಿ ನೋಡ್ಕೋತಿದ್ದಾಳೆ."

"ಮತ್ತೆ ಯಾಕೆ ಬಂದಿಲ್ಲ? ಬೆಳಗ್ಗೆಯಿಂದ ಇಲ್ಲೇ ಕಾಯ್ತಾ ಕೂತಿದ್ದೀನಿ."

"ಅದಕ್ಕೇ ಬಂದಿಲ್ಲ ಅಣ್ಣ. ಅಲ್ನೋಡಿ."

ಕಿಟಕಿಯಾಚೆ, ಎದುರು ಗೋಡೆಯ ಮೇಲೆ, ಆ ಕಂದು ಬೆಕ್ಕು ಇವರನ್ನೇ ದುರುಗುಟ್ಟಿ ನೋಡುತ್ತಾ ಕೂತಿತ್ತು. ಅವಳು ಬರಲಿ ಎಂದು ಇವರು ಕಾಯುತ್ತಿದ್ದರು. ಇವರು ತೊಲಗಲಿ ಎಂದು ಅವಳು ಕಾಯುತ್ತಿದ್ದಳು.

"ಕಿಟಕಿ ತೆರೆದಿಟ್ಟು, ಬಾಗಿಲು ಹಾಕಿಕೊಂಡು ಹೋಗಿ ಊಟ ಮಾಡಿ. ಮೂರು ಗಂಟೆವರೆಗೆ ಯಾರೂ ಇತ್ತ ಬರಬೇಡಿ."

"ಬಂದ್ಲೋ ಇಲ್ವೋ ಗೊತ್ತಾಗೋದು ಹೇಗೆ? ಸಂದೀಲಿ ಇಣುಕಲಾ?"

"ಇಣುಕೋದೂ ಬೇಡ," ಎಂದ ಕಾಂಪೌಂಡರಮ್ಮ ನನ್ನಿಂದ ನೆಲ ಗುಡಿಸಿಸಿ, ಕಿಟಕಿಯ ಕೆಳಗೆ ನಯವಾದ ಮರದ ಪುಡಿಯನ್ನು ತೆಳ್ಳಗೆ ಉದುರಿಸಿದರು. "ಮರಿಗಳ ಹತ್ರ ಹಾಕಬಾರದು, ಮೂಗಿಗೆ ಹೋಗುತ್ತೆ. ದಾರೀಲಿ ಸಾಕು. ಅವಳು ಬಂದ್ರೆ ಹೆಜ್ಜೆ ಮೂಡುತ್ತೆ. ಮೂರಕ್ಕೂ ಹೆಜ್ಜೆ ಇಲ್ಲ ಅಂದ್ರೆ, ಇಲ್ಲಾ ಮರಿಗಳ ಮೈ ತಣ್ಣಗಾಗಿದ್ರೆ, ನನಗೆ ಫೋನ್ ಮಾಡಿ. ಅಕ್ಕ, ಉಪ್ಪು ಖಾರ ಹಾಕದೆ ಬೇಯಿಸಿದ ಮೀನೋ ಕೋಳಿಯೋ ಒಂದಿಷ್ಟು, ಜೊತೆಗೆ ನೀರು, ಕಿಟಕಿ ಹತ್ರ ಇಡಿ. ಹಾಲೂಡಿಸೋಳು ಅವಳು, ಊಟ ಬೇಕಾಗಿರೋದು ಅವಳಿಗೆ."

ಗೊಣಗುತ್ತಲೇ ಮೀನು ಬೇಯಿಸಿ ಇಟ್ಟೆ. ಊಟಕ್ಕೆ ಕೂತರೆ ಇವರ ಕಿವಿಯೆಲ್ಲ ಅಂಗಡಿಯ ಕಡೆಗೇ. ಎರಡು ಸಲ ಎದ್ದರು, ಎರಡು ಸಲವೂ ಅಂಗಿ ಹಿಡಿದು ಕೂರಿಸಿದೆ. ಮೂರನೇ ಸಲ ಎದ್ದದ್ದು ನಾನು.

"ಎಲ್ಲಿಗೆ?"

"ನೀರು ತರೋಕೆ."

"ನೀರು ನಿನ್ನ ಮುಂದೇ ಇದೆ."

ಲೋಟ ಎತ್ತಿಕೊಂಡು ಕೂತೆ.

ಮೂರಕ್ಕೆ ಬಾಗಿಲನ್ನು ಒಂದು ಬೆರಳಷ್ಟು ತೆರೆದೆವು. ತಟ್ಟೆ ಖಾಲಿ. ಮರದ ಪುಡಿಯ ಮೇಲೆ ಪುಟ್ಟ ಹೆಜ್ಜೆಗಳ ಸಾಲು ನೇರವಾಗಿ ಕಪಾಟಿನ ಕಡೆ ಹೋಗಿತ್ತು. ಹೊರಬಂದ ಹೆಜ್ಜೆ ಒಂದೂ ಇಲ್ಲ. ಮರಿಗಳ ಅಳು ನಿಂತು ಚಪ್ ಚಪ್ ಎಂದು ಹಾಲು ಕುಡಿಯುವ ಸದ್ದು ಕೇಳುತ್ತಿತ್ತು.

ಇವರು ಕಣ್ಣೊರೆಸಿಕೊಂಡರು. ಮರದ ಪುಡಿ ಬಿತ್ತು ಅಂದರು. ಇಪ್ಪತ್ತು ವರ್ಷ ಗರಗಸ ಎಳೆದಾಗ ಬೀಳದ ಪುಡಿ. ಎರಡು ಹೆತ್ತವಳು ನಾನು. ಗೋಡೆಯ ಮೇಲೆ ಕೂತು ಮರಿಗಳ ಅಳು ಕೇಳುತ್ತಿದ್ದ ಆ ತಾಯಿಯ ಸಂಕಟ ನನಗೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಾಲ್ಕಕ್ಕೆ ಗಾಡಿ ಬಂತು. ಹೊಸಿಲಲ್ಲೇ ಅಡ್ಡ ನಿಂತವಳು ನಾನು.

"ಕಪಾಟು ರೆಡಿ ಆಗಿಲ್ವಾ ಅಕ್ಕ?"

"ಹಿಡಿ ಒಂದು ಬಿಟ್ರೆ ರೆಡಿ ಇದೆ. ಒಳಗೆ ಬಾಣಂತಿ ಇದ್ದಾಳೆ."

ಗಾಡಿಯವನು ನನ್ನ ಮುಖ ನೋಡಿದ, ಕಪಾಟಿನ ಕಡೆ ನೋಡಿದ, ಗಾಡಿ ತಿರುಗಿಸಿಕೊಂಡು ಹೊರಟುಹೋದ.

ಮಾರನೇ ದಿನ ಹೊಲಿಗೆ ಟೀಚರು ಕೆಂಡ ಕಾರುತ್ತಾ ಬಂದರು. ಬಾಗಿಲ ಸಂದಿಯಿಂದ ನೋಡಿದ ಮೇಲೆ ಅವರ ದನಿ ತಾನಾಗಿ ತಗ್ಗಿತು. "ಎರಡು ತಿಂಗಳು ಇಲ್ಲೇ ಇರಲಿ. ಆದ್ರೆ ಕಪಾಟಿನ ಜೊತೆ ನನಗೊಂದು ಮರಿ ಬೇಕು," ಎಂದು ಪಿಸುಗುಟ್ಟಿ ಹೋದರು.

ಮರಿಗಳು ತಾವೇ ತಿನ್ನಲು ಕಲಿತ ಮೇಲೆ ಕಾಂಪೌಂಡರಮ್ಮ ತಾಯಿಯನ್ನು ಆಪರೇಷನ್ನಿಗೆ ಕರೆದೊಯ್ಯಲು ಬಂದರು. ಅಷ್ಟು ಹೊತ್ತಿಗೆ ನಾನು ಅವಳ ಪಕ್ಷ. "ಪಾಪ, ಆಪರೇಷನ್ ಯಾಕೆ?" ಅಂದೆ.

"ವರ್ಷಕ್ಕೆ ಎರಡು ಮೂರು ಸಲ ಹೆರ್ತಾಳೆ ಅಕ್ಕ. ಅವಳ ಮೈಯಲ್ಲಿ ಏನು ಉಳಿಯುತ್ತೆ? ಅಷ್ಟೂ ಮರಿಗಳಿಗೆ ಮನೆ ಎಲ್ಲಿದೆ? ಮುಂದಿನ ಸಲ ಯಾವ ಡ್ರಾಯರು?"

ನನ್ನ ಸೀರೆ ಇಡುವ ಕಪಾಟನ್ನು ನೆನೆಸಿಕೊಂಡು ತಕ್ಷಣ ಒಪ್ಪಿದೆ. ಆಪರೇಷನ್, ಲಸಿಕೆ ಎಲ್ಲ ಮುಗಿಸಿ ಬಂದವಳು ಈಗ ಇವರ ಸ್ಟೂಲಿನ ಮೇಲೆ ಮಲಗುತ್ತಾಳೆ. ಇವರು ನಿಂತೇ ಕೆಲಸ ಮಾಡುತ್ತಾರೆ.

ಕೇಳಿ ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮಂಚದ ಕೆಳಗೋ ಗೋದಾಮಿನ ಮೂಲೆಯಲ್ಲೋ ಬೆಕ್ಕಿನ ಮರಿಗಳು ಕಂಡರೆ ಎತ್ತಿಕೊಂಡು ಓಡಬೇಡಿ, ಹಾಲು ಹುಯ್ಯಬೇಡಿ. ತಾಯಿಗೆ ಊಟ, ನೀರು ಇಡಿ. ಅವಳು ಬಾರದಿದ್ದರೆ, ಮರಿಗಳ ಮೈ ತಣ್ಣಗಾದರೆ, ಬೆಚ್ಚಗೆ ಸುತ್ತಿ ಪ್ರಾಣಿಗಳ ಡಾಕ್ಟರ ಬಳಿ ಒಯ್ಯಿರಿ. ಬೆಕ್ಕು ಕಚ್ಚಿದರೆ, ಪರಚಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಮರಿಗಳಿಗೆ ಎರಡು ತಿಂಗಳಾದ ಮೇಲೆ ತಾಯಿಗೆ ಆಪರೇಷನ್ ಮಾಡಿಸಿ. ತಾಯಿ ಅಲ್ಲೇ ಎಲ್ಲೋ ಗೋಡೆಯ ಮೇಲೆ ಕೂತು ನಿಮ್ಮನ್ನೇ ನೋಡುತ್ತಿರುತ್ತಾಳೆ. ಆದ್ದರಿಂದ ಎಲ್ಲಕ್ಕಿಂತ ಮೊದಲು, ದಯವಿಟ್ಟು ಅಲ್ಲಿಂದ ಎದ್ದು ಊಟಕ್ಕೆ ಹೋಗಿ.